ದೆವ್ವ ಬೈಯುವುದಿಲ್ಲ

ನಾನು ಹುಟ್ಟು ಪುಕ್ಕಲಿ. ಕೆಲವರಿಗೆ ಹುಟ್ಟಿನಿಂದಲೇ ಗುಂಗುರು ಕೂದಲಿರುವ ಹಾಗೆ ನನಗೆ ಹೆದರಿಕೆ. ಬಸ್ಸು ತಡವಾದರೆ ಅದು ಯಾವುದೋ ತಿರುವಿನಲ್ಲಿ ಮಗುಚಿ ಬಿದ್ದಿರಬೇಕು ಎನ್ನುವುದೇ ನನ್ನ ಮೊದಲ ಯೋಚನೆ. ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲು ಬಡಿದರೆ ಸಾವಿನ ಸುದ್ದಿಯೇ ಬಂತೆಂದು ಎದೆ ಹಿಡಿದುಕೊಳ್ಳುತ್ತೇನೆ. ಇಂಥವಳಿಗೆ ದೇವರ ಮೇಲೆ ವಿಶ್ವಾಸ ಹೇಗೆ ಉಳಿಯಿತು ಎಂದು ನನ್ನ ಮಕ್ಕಳು ಚುಡಾಯಿಸುತ್ತಾರೆ. ಚರ್ಚಿನಲ್ಲಿ ಹೇಳಿಕೊಟ್ಟ ಕಾರಣಗಳನ್ನೆಲ್ಲ ಅವರ ಮುಂದೆ ಒಪ್ಪಿಸಬಲ್ಲೆ, ಅವು ಇನ್ನೂ ಬಾಯಿಗೆ ಬರುತ್ತವೆ. ಆದರೆ ನನ್ನ ಸ್ವಂತದ ಕಾರಣ ಒಂದೇ, ಅದು ನನ್ನ ಅಮ್ಮನ ಬೈಗುಳ.

ಎಪ್ಪತ್ತರ ದಶಕದ ಆರಂಭದ ಮಾತು, ನನಗಾಗ ಎಂಟು ವರ್ಷ. ಮೂಡಿಗೆರೆಯಿಂದ ಜಾವಳಿ ಕಡೆಗೆ ಹೋಗುವ ದಾರಿಯಲ್ಲಿದ್ದ ಒಂದು ಕಾಫಿ ಎಸ್ಟೇಟಿನಲ್ಲಿ ಅಪ್ಪ ರೈಟರಾಗಿದ್ದ. ಆಳುಗಳ ಹಾಜರಿ, ಕೆಲಸದ ಉಸ್ತುವಾರಿ ಎಲ್ಲ ಅವನದೇ. ಕಾಫಿ ಒಣಗಿಸುವ ಕಣದ ಮಗ್ಗುಲಲ್ಲಿ ನಮಗೊಂದು ಕ್ವಾರ್ಟರ್ಸ್ ಇತ್ತು. ಅಪ್ಪ ಮೆತ್ತಗಿನ ಮನುಷ್ಯ, ಅಮ್ಮ ಅವನ ಪಾಲಿನ ಮಾತನ್ನೂ ತಾನೇ ಆಡಿ ಮುಗಿಸುತ್ತಿದ್ದಳು. ಆಡುವುದೇನು, ಬೈಯುತ್ತಿದ್ದಳು. ಹಸಿ ಸೌದೆಗೆ, ಕೋಳಿಗಳಿಗೆ, ಪ್ರಾರ್ಥನೆಯ ಹೊತ್ತಿಗೇ ಕಾಫಿ ಹಣ್ಣಿನ ಸಿಪ್ಪೆ ಸುಲಿಯಲು ಗಡಗಡ ಶುರುವಾಗುವ ಪಲ್ಪರ್ ಮೆಷೀನಿಗೆ, ಎಲ್ಲಕ್ಕೂ ಅವಳ ಹತ್ತಿರ ತಕ್ಕ ಬೈಗುಳವಿತ್ತು. ಅಪ್ಪನಿಗೆ ನೇರವಾಗಿ ಬೈಯುತ್ತಿರಲಿಲ್ಲ, ಅವನ ಕೆಸರು ಬೂಟುಗಳಿಗೆ ಬೈಯುತ್ತಿದ್ದಳು. ನನಗಿಟ್ಟ ಹೆಸರು ಕತ್ತೆ. ಜಪಸರ ಹಿಡಿದು ಕೂತಾಗಲೂ ಎರಡು ನಮೋ ಮರಿಯಗಳ ನಡುವೆ "ಹಾಲು ಉಕ್ತಾ ಇದೆ, ನೋಡೇ ಕತ್ತೆ" ಎಂದು ತೂರಿಸಿ, ಬಿಟ್ಟ ಕಡೆಯಿಂದಲೇ ಮತ್ತೆ ಪ್ರಾರ್ಥನೆ ಹಿಡಿಯುತ್ತಿದ್ದಳು. ಚಿನ್ನ, ಬಂಗಾರ ಎಂದೆಲ್ಲ ಅವಳು ನನ್ನನ್ನು ಕರೆದದ್ದು ನನಗೆ ನೆನಪಿಲ್ಲ. ಬೇರೆ ಮಕ್ಕಳ ಅಮ್ಮಂದಿರು ಹಾಗೆ ಕರೆಯುವಾಗ ನನಗೆ ಹೊಟ್ಟೆ ಉರಿಯುತ್ತಿತ್ತು.

ಪ್ರೀತಿಯ ಮಾತು ಬೇಕೆನಿಸಿದರೆ ಮೇಸ್ತ್ರಿಯ ಹೆಂಡತಿಯ ಹತ್ತಿರ ಓಡುತ್ತಿದ್ದೆ. ಅವರನ್ನು ನಾನು ದೊಡ್ಡಮ್ಮ ಎನ್ನುತ್ತಿದ್ದೆ. ಆಳುಗಳ ಸಾಲುಮನೆಗಳ ಲೈನಿನಲ್ಲಿ ಅವರ ಮನೆ ಮೊದಲನೆಯದು. ಅವರು ಕೊಡುತ್ತಿದ್ದ ಸುಟ್ಟ ಹಲಸಿನ ಬೀಜದ ಜೊತೆಗೆ ದೆವ್ವದ ಕಥೆ ಪುಕ್ಕಟೆ.

"ಕಾಡಲ್ಲಿ ಯಾರಾದ್ರೂ ಒಂದೇ ಸಲ ಕರೆದ್ರೆ ಓ ಅನ್ಬಾರ್ದು ಮಾರಾಯ್ತಿ," ಎಂದು ಅವರು ಸ್ವರ ತಗ್ಗಿಸಿ ಹೇಳುತ್ತಿದ್ದರು. "ದೆವ್ವ ನಿಮ್ಮಮ್ಮನ ಸ್ವರದಲ್ಲೇ ಕರೀತದೆ, ನಿಮ್ಮಪ್ಪನ ಸ್ವರದಲ್ಲೇ ಕರೀತದೆ. ಭಾರಿ ಪ್ರೀತಿಯಿಂದ ಕರೀತದೆ. ಆದ್ರೆ ಒಂದೇ ಸಲ. ಇನ್ನೊಂದ್ಸಲ ಕರೆಯಕ್ಕೆ ಅದಕ್ಕೆ ಆಗಲ್ಲ. ನೀ ಓ ಅಂದ್ಯೋ, ಮುಗೀತು."

ನಾನು ಇದನ್ನು ಮನೆಗೆ ತಂದು ಅಮ್ಮನಿಗೆ ಹೇಳಿದರೆ ಅವಳು ಮೊರದಲ್ಲಿ ಅಕ್ಕಿ ಕೇರುತ್ತಲೇ ಉತ್ತರ ಕೊಟ್ಟಳು. "ನಾನು ಕರೆದಾಗ ಇನ್ನೊಂದ್ಸಲ ಕರೀಲಿ ಅಂತ ಕಾಯ್ತಾ ಕೂತ್ಕೊ, ಆಮೇಲೆ ದೆವ್ವ ಯಾರು ಅಂತ ತೋರಿಸ್ತೀನಿ."

ಆ ವರ್ಷ ಕ್ರಿಸ್ಮಸ್ ಹತ್ತಿರ ಬಂದಾಗ ಕಾಫಿ ಹಣ್ಣಿನ ಕುಯ್ಲು ಜೋರಾಗಿ ನಡೆದಿತ್ತು. ಅಪ್ಪ ಅಮ್ಮ ಹಬ್ಬದ ಸಾಮಾನು ತರಲು ಬೆಳಗಿನ ಬಸ್ಸಿಗೆ ಮೂಡಿಗೆರೆಗೆ ಹೋದರು. ಬಸ್ಸಿನಲ್ಲಿ ವಾಂತಿ ಮಾಡುವ ನನ್ನನ್ನು ದೊಡ್ಡಮ್ಮನ ಹತ್ತಿರ ಬಿಟ್ಟರು. ಮನೆಯಲ್ಲಿ ಗೋದಲಿ ಕಟ್ಟಬೇಕಿತ್ತು. ಬಾಲಯೇಸುವಿನ ಕೊಟ್ಟಿಗೆಗೆ ಹಾಸಲು ಮರದ ಬೊಡ್ಡೆಯ ಹಸಿರು ಪಾಚಿಯೇ ಆಗಬೇಕು. ಮಧ್ಯಾಹ್ನ ದೊಡ್ಡಮ್ಮ ಕಣದಲ್ಲಿ ಹಣ್ಣು ಹರಡಲು ಹೋದಾಗ ನಾನೊಂದು ಪುಟ್ಟ ಬುಟ್ಟಿ ಹಿಡಿದು ಪಾಚಿಗೆ ಹೊರಟೆ. ಅಮ್ಮ ಬರುವುದರೊಳಗೆ ಬುಟ್ಟಿ ತುಂಬಿಸಿ, ಅವಳ ಬಾಯಲ್ಲಿ ಒಂದಾದರೂ ಒಳ್ಳೆಯ ಮಾತು ಹೊರಡಿಸಬೇಕು ಎನ್ನುವುದು ನನ್ನ ಹಟವಾಗಿತ್ತು.

ಒಂದು ಮರದ ಪಾಚಿಗಿಂತ ಮುಂದಿನ ಮರದ್ದು ಚೆನ್ನಾಗಿ ಕಾಣುತ್ತಿತ್ತು. ಹಾಗೆ ಮರದಿಂದ ಮರಕ್ಕೆ ಹೋಗುತ್ತಾ ತೋಟದ ಬೇಲಿ ದಾಟಿ, ಕಾಡಿನ ಅಂಚಿನಲ್ಲಿದ್ದ ದೊಡ್ಡ ಅತ್ತಿಮರದ ಬುಡಕ್ಕೆ ಬಂದಿದ್ದೆ. ತಲೆ ಎತ್ತಿದರೆ ಕೆಳಗಿನ ಹಳ್ಳದಿಂದ ಮಂಜು ಹತ್ತಿ ಬಂದು ಎಲ್ಲವನ್ನೂ ಮುಚ್ಚಿತ್ತು. ಮರ ಒಂದರ ಹಾಗೆ ಇನ್ನೊಂದು. ಬಂದ ದಾರಿ ಯಾವುದೆಂದು ಸುತ್ತ ತಿರುಗಿ ನೋಡಿದ್ದೇ ತಪ್ಪಾಯಿತು, ಹೊರಟ ದಿಕ್ಕೂ ಮರೆತುಹೋಯಿತು. ಕಾಡುಹಂದಿಯ ನೆನಪಾಯಿತು, ಕಾಡುಕೋಣದಂಥ ಕಾಟಿಯ ನೆನಪಾಯಿತು, ಕೊನೆಗೆ ದೊಡ್ಡಮ್ಮನ ಕಥೆಯ ನೆನಪಾಯಿತು. ಅತ್ತಿಮರದ ಬೇರುಗಳ ಸಂದಿಯಲ್ಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಮುದುಡಿ ಕೂತೆ.

ಪರಲೋಕ ಮಂತ್ರ ಹೇಳಿದೆ. ನಮೋ ಮರಿಯ ಹೇಳಿದೆ. ಹೆದರಿಕೆಗೆ ಎರಡೂ ಕಲಸಿ ಒಂದರ ತಲೆ ಇನ್ನೊಂದರ ಬಾಲವಾಯಿತು. ಯಾರೂ ಬರಲಿಲ್ಲ. ದೇವರಿಗೆ ಕೇಳಿಸಿದ್ದರೆ ಇಷ್ಟು ಹೊತ್ತಿಗೆ ಏನಾದರೂ ಆಗಬೇಕಿತ್ತಲ್ಲ ಎಂದು ಅಳು ಬಂತು. ಅತ್ತರೆ ಹಂದಿಗೆ ಕೇಳಿಸುತ್ತದೆ ಎಂದು ಅದನ್ನೂ ನುಂಗಿಕೊಂಡೆ.

ಆಗ ದೂರದಲ್ಲಿ ಯಾರೋ "ಕೂ..." ಎಂದರು.

ನಮ್ಮ ಕಡೆ ಮಂಜಿನಲ್ಲಿ, ಕಾಡಿನಲ್ಲಿ ಯಾರನ್ನಾದರೂ ಹುಡುಕುವಾಗ ಹೀಗೆ ಕೂ ಹಾಕುತ್ತಾರೆ. ಅದಕ್ಕೊಂದು ಕ್ರಮವಿದೆ. ಎಲ್ಲರೂ ಒಟ್ಟಿಗೆ ಕೂಗುವ ಹಾಗಿಲ್ಲ, ಕೂಗಿದರೆ ಕಳೆದುಹೋದವರ ಉತ್ತರ ಕೇಳಿಸುವುದಿಲ್ಲ. ಒಬ್ಬ ಒಂದು ಸಲ ಕೂ ಹಾಕಿ ಕಿವಿಗೊಟ್ಟು ನಿಲ್ಲುತ್ತಾನೆ. ಉತ್ತರ ಬರದಿದ್ದರೆ ಮುಂದೆ ಹೋಗುತ್ತಾನೆ, ಆಮೇಲೆ ಬೇರೆ ಕಡೆಯಿಂದ ಇನ್ನೊಬ್ಬ. ಒಳ್ಳೆಯ ಕ್ರಮವೇ. ಆದರೆ ಬೇರಿನ ಸಂದಿಯಲ್ಲಿ ಕೂತಿದ್ದ ನನಗೆ ಕೇಳಿಸಿದ್ದು ಒಂದೊಂದೇ ಸಲ ಕರೆದು ಸುಮ್ಮನಾಗುವ ಸ್ವರಗಳು. ಒಂದು ಎಡಗಡೆಯಿಂದ, ಒಂದು ಬಲಗಡೆಯಿಂದ. ಯಾವುದೂ ಎರಡನೆಯ ಸಲ ಕರೆಯುತ್ತಿರಲಿಲ್ಲ. ಮೇಸ್ತ್ರಿಯದೇ ಸ್ವರ ಎಂದು ನನಗೆ ಚೆನ್ನಾಗಿ ಗೊತ್ತಾಯಿತು. ಗೊತ್ತಾದದ್ದರಿಂದಲೇ ಇನ್ನಷ್ಟು ಹೆದರಿ ಬಾಯಿಗೆ ಕೈ ಅಡ್ಡ ಹಿಡಿದೆ. ದೊಡ್ಡಮ್ಮ "ಬಾರೇ ನನ್ನ ಬಂಗಾರ" ಎಂದು ಕರೆದರು, ಒಂದೇ ಸಲ. ಮೈಯೆಲ್ಲ ಬೆವರಿತು.

ಕತ್ತಲಾಗುತ್ತಾ ಬಂದಾಗ ಅಪ್ಪನ ಸ್ವರ ಕೇಳಿತು. ಬಸ್ಸಿಳಿದವನೇ ತೋಟಕ್ಕೆ ನುಗ್ಗಿದ್ದನಂತೆ. "ಪುಟ್ಟೀ, ನನ್ನ ಚಿನ್ನಾ, ಎಲ್ಲಿದ್ದೀಯಮ್ಮಾ?" ಅಪ್ಪ ನನ್ನನ್ನು ಎಂದೂ ಚಿನ್ನ ಎಂದವನಲ್ಲ. ಸ್ವರವೂ ಅವನದಾಗಿರಲಿಲ್ಲ, ನಡುಗುತ್ತಿತ್ತು. ಅವನು ಅಳುತ್ತಿದ್ದಾನೆ ಎಂದು ನನಗೆ ಹೇಗೆ ತಿಳಿಯಬೇಕು? ಇದು ದೆವ್ವವೇ ಎಂದು ಖಾತ್ರಿಯಾಯಿತು. ಅವನು ನನ್ನಿಂದ ನಾಲ್ಕು ಮರ ಆಚೆ ಹಾದುಹೋದ. ಕಾಲಡಿಯ ಒಣ ಎಲೆಯ ಸದ್ದು ಹತ್ತಿರ ಬಂದು, ದೂರವಾಗಿ, ನಿಂತುಹೋಯಿತು. ಇಷ್ಟು ವರ್ಷವಾದರೂ ಆ ಸದ್ದು ದೂರವಾದದ್ದು ಇನ್ನೂ ಕಿವಿಯಲ್ಲಿದೆ.

ಆಮೇಲೆ ಕಣದ ಕಡೆಯಿಂದ ಅದು ಶುರುವಾಯಿತು.

"ಏ ಕತ್ತೆ! ಎಲ್ಲಿ ಹಾಳಾಗಿ ಹೋದ್ಯೇ! ಪಾಚಿ ತರಕ್ಕೆ ಹೋದೋಳು ಕಾಶಿಗೆ ಹೋದ್ಯೇನೇ! ಒಂದು ದಿವಸ ಮನೇಲಿ ಬಿಟ್ಟು ಹೋಗೋ ಹಾಗಿಲ್ಲ ನಿನ್ನ! ಯಾರನ್ನ ಕೇಳಿ ಬೇಲಿ ದಾಟ್ದೆ? ಬಾ ಇವತ್ತು ಮನೆಗೆ, ಕಾಲು ಮುರಿದು ಕೈಗೆ ಕೊಡ್ತೀನಿ! ಏ ಕತ್ತೆ!"

ಉಸಿರು ತೆಗೆದುಕೊಳ್ಳಲೂ ಬಿಡುವಿಲ್ಲದ ಬೈಗುಳ. ನಿಂತ ಜಾಗ ಬಿಟ್ಟು ಅದು ಕದಲಲಿಲ್ಲ. ಸುಮ್ಮನೂ ಆಗಲಿಲ್ಲ. ಎರಡಾಯಿತು, ಮೂರಾಯಿತು, ಎಣಿಸುವುದೇ ಮರೆತುಹೋಯಿತು. ನನ್ನ ಎದೆಯ ಮೇಲಿಂದ ಯಾರೋ ಚಪ್ಪಡಿ ಕಲ್ಲು ಎತ್ತಿದ ಹಾಗಾಯಿತು. ಕಾಲು ಮುರಿಯುತ್ತೇನೆ ಬಾ ಎಂದು ಯಾವ ದೆವ್ವ ತಾನೇ ಮಕ್ಕಳನ್ನು ಕರೆದೀತು? ನಾನು ಎದ್ದು ನಿಂತು, ಇದ್ದ ಶಕ್ತಿಯನ್ನೆಲ್ಲ ಸೇರಿಸಿ "ಓ..." ಎಂದೆ.

ಅಪ್ಪ ನನ್ನನ್ನು ಹೆಗಲ ಮೇಲೆ ಹೊತ್ತು ತಂದ. ಅಮ್ಮ ಕಣದ ಕಟ್ಟೆಯ ಮೇಲೆ ನಿಂತಿದ್ದಳು. ಇಳಿದು ಬಂದವಳೇ ಬೆನ್ನಿಗೊಂದು ಬಿಟ್ಟಳು. ಆಮೇಲೆ ನನ್ನ ಕೈಕಾಲು ಮುಟ್ಟಿ ಮುಟ್ಟಿ ನೋಡಿ, ಬುಟ್ಟಿಯೊಳಗೆ ಇಣುಕಿ, "ಇಷ್ಟು ಪಾಚಿಗೆ ಇಷ್ಟೊಂದು ರಂಪ" ಎಂದಳು. ಉಳಿದವರು ಕರೆದಾಗ ಯಾಕೆ ಓ ಅನ್ನಲಿಲ್ಲ ಎಂದು ದೊಡ್ಡಮ್ಮ ಕೇಳಿದಾಗ ನಾನು ಇದ್ದದ್ದನ್ನು ಹೇಳಿದೆ. "ಅಮ್ಮ ಬೈತಾ ಇದ್ಳು. ದೆವ್ವ ಬೈಯಲ್ಲ." ಕಣದಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ದೊಡ್ಡಮ್ಮ ಮಾತ್ರ ನಗಲಿಲ್ಲ, ಸೆರಗಿನಿಂದ ಕಣ್ಣೊರೆಸಿಕೊಂಡರು. ಅಮ್ಮ ಒಂದೇ ಸಮನೆ ಕೂಗುವಾಗ ಅವರು ತಡೆದಿದ್ದರಂತೆ. "ಹೀಗೆ ಕೂಗಿದ್ರೆ ಮಗು ಓ ಅಂದ್ರೂ ಕೇಳಲ್ಲ, ಸ್ವಲ್ಪ ಸುಮ್ನಿರಿ" ಎಂದದ್ದಕ್ಕೆ ಅಮ್ಮ, "ಅದು ಓ ಅನ್ಲಿ, ಆಮೇಲೆ ನಾನು ಬಾಯಿ ಮುಚ್ತೀನಿ" ಎಂದಳಂತೆ.

ಅವಳ ಗಂಟಲು ಪೂರ್ತಿ ಒಡೆದುಹೋಯಿತು. ಆ ಕ್ರಿಸ್ಮಸ್ಸಿಗೆ ಅವಳು ಹಾಡಲಿಲ್ಲ, ಬೈಯಲೂ ಇಲ್ಲ. ಗೋದಲಿಗೆ ಪಾಚಿ ಒತ್ತುತ್ತಾ ಕೂತಿದ್ದಾಗ ನಾನು ಕೇಳಿದೆ. "ಅಮ್ಮಾ, ನಾನು ಓ ಅನ್ದೇ ಇದ್ದಿದ್ರೆ ಎಷ್ಟು ಹೊತ್ತು ಕೂಗ್ತಿದ್ದೆ?"

"ನೀನು ಓ ಅನ್ನೋ ತನಕ," ಎಂದಳು ಪಿಸುಗುಟ್ಟುತ್ತಾ.

"ಅನ್ನದೇ ಇದ್ದಿದ್ರೆ?"

"ಅಂದೆಯಲ್ಲ. ಮಾತು ಸಾಕು, ಪಾಚಿ ಒತ್ತು."

ಕೆಲವು ವರ್ಷಗಳ ನಂತರ ಬೆಳೆದ ಮಕ್ಕಳ ವಿಶ್ವಾಸವನ್ನು ಗಟ್ಟಿಮಾಡುವ ದೃಢೀಕರಣ ಸಂಸ್ಕಾರಕ್ಕೆ ತಯಾರಿಯಾಗಲು ಮೂಡಿಗೆರೆಯ ಚರ್ಚಿಗೆ ಹೋಗುತ್ತಿದ್ದೆ. ದೇವರನ್ನು ಯಾಕೆ ನಂಬಬೇಕು ಎಂದು ಫಾದರ್ ಪಾಠ ಮಾಡುತ್ತಿದ್ದರು. ದೇವರು ಸರ್ವಶಕ್ತ, ಸರ್ವಜ್ಞ, ಸುಳ್ಳಾಡದವನು, ನಮ್ಮನ್ನು ಪ್ರೀತಿಸುವವನು. ಎಲ್ಲರೂ ರಾಗವಾಗಿ ಹೇಳಿದೆವು. ನನಗೆ ಅದರಲ್ಲಿ ಅನುಮಾನವಿರಲಿಲ್ಲ. ನನ್ನ ಚಿಂತೆಯೇ ಬೇರೆ. ಕೈ ಎತ್ತಿ, "ಫಾದರ್, ಕರೀತಾ ಇರೋದು ದೇವರೇ ಅಂತ ಗೊತ್ತಾಗೋದು ಹೇಗೆ?" ಎಂದು ಕೇಳಿದೆ. ಒಳ್ಳೆಯ ಮನುಷ್ಯ, ನಕ್ಕು, "ದೇವರ ಸ್ವರ ಮನಸ್ಸಿಗೆ ಬಹಳ ಸಿಹಿಯಾಗಿ ಕೇಳಿಸುತ್ತದೆ ಮಗು" ಎಂದರು. ನನಗೆ ಅಲ್ಲೇ ಬೆವರು ಕಿತ್ತುಕೊಂಡು ಬಂತು. ಸಿಹಿಯಾಗಿ ಕರೆಯುವುದು ಯಾವುದೆಂದು ನನಗೆ ಗೊತ್ತಿರಲಿಲ್ಲವೇ?

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ನಾನು ಕಳಸದಲ್ಲಿ ಟೀಚರಾಗಿದ್ದೆ. ಮದುವೆಯಾಗಿತ್ತು. ಅಪ್ಪ ತೀರಿಕೊಂಡ ಮೇಲೆ ಅಮ್ಮ ನಮ್ಮ ಜೊತೆಗೇ ಇದ್ದಳು, ನನ್ನ ಗಂಡನ ಚಪ್ಪಲಿಗಳಿಗೆ ಬೈದುಕೊಂಡು ಆರಾಮಾಗಿದ್ದಳು. ಒಂದು ಬೆಳಿಗ್ಗೆ ಕಾಫಿ ಸೋಸುತ್ತಿದ್ದವಳು ಅಡುಗೆಮನೆಯಲ್ಲಿ ಕುಸಿದು ಬಿದ್ದಳು. ಬಾಯಿ ಒಂದು ಕಡೆಗೆ ಎಳೆದಿತ್ತು. ಪಕ್ಕದ ಬೀದಿಯಲ್ಲಿ ಗ್ಯಾರೇಜ್ ಇಟ್ಟಿದ್ದ ಸಾಬರು ಕೇಳಿದ ತಕ್ಷಣ ಜೀಪು ತಂದರು. ಚಿಕ್ಕಮಗಳೂರಿನ ತನಕ ತಿರುವು ತಿರುವಿನಲ್ಲೂ ಅಮ್ಮನ ಮೂಗಿನ ಹತ್ತಿರ ಬೆರಳಿಟ್ಟು ಉಸಿರಿದೆಯೇ ಎಂದು ನೋಡುತ್ತಿದ್ದೆ.

"ದೇವರಿದ್ದಾನೆ, ಹೆದರ್ಬೇಡಿ ಅಕ್ಕ," ಎಂದರು ಸಾಬರು. "ದಿನಾ ಬೆಳಿಗ್ಗೆ ಅಮ್ಮನವ್ರು ಬೈದ ಮೇಲೇ ಈ ಗಾಡಿ ಸ್ಟಾರ್ಟ್ ಆಗೋದು. ಅವ್ರಿಗೆ ಏನೂ ಆಗಲ್ಲ."

ಅದು ಕನ್ಯಾಸ್ತ್ರೀಯರು ನಡೆಸುತ್ತಿದ್ದ ಆಸ್ಪತ್ರೆ. ಡಾಕ್ಟರು ಪರೀಕ್ಷೆ ಮಾಡಿ, ಲಕ್ವ ಹೊಡೆದಿದೆ, ಎಚ್ಚರವಾಗಬಹುದು, ಆಗದೆಯೂ ಇರಬಹುದು, ಮಾತು ಬರುವುದಂತೂ ಕಷ್ಟ ಎಂದರು. "ಮಾತಾಡಿಸ್ತಾ ಇರಿ" ಎಂದು ಹೇಳಿ ಹೋದರು.

ನಾನು ಮಾತಾಡಿಸಿದೆ. ಕಿವಿಯ ಹತ್ತಿರ ಬಾಗಿ, ಮೆಲ್ಲಗೆ, "ಅಮ್ಮಾ" ಎಂದೆ. ರೆಪ್ಪೆ ಅಲುಗಲಿಲ್ಲ. ತಡೆಯಲಾಗದೆ ಎದ್ದು ವರಾಂಡಕ್ಕೆ ಹೋದೆ. ವರಾಂಡದಿಂದ ಚಾಪೆಲಿಗೆ ಹೋದೆ. ಅಲ್ಲಿ ಯೇಸುಸ್ವಾಮಿಗೆ ಒಂದು ಸಲ ಮೊರೆಯಿಟ್ಟೆ, ಮಾತೆಗೆ ಒಂದು ಸಲ, ಸಂತರೊಬ್ಬೊಬ್ಬರಿಗೂ ಒಂದೊಂದು ಸಲ. ಮತ್ತೆ ಬಂದು "ಅಮ್ಮಾ" ಎಂದೆ, ಮತ್ತೆ ವರಾಂಡಕ್ಕೆ ಹೋದೆ. ಎರಡು ದಿನ ಇದೇ ಆಯಿತು. ಕಳಸದಿಂದ ಬಂದವರೆಲ್ಲ ಮಂಚದ ಸುತ್ತ ನಿಂತು ಪಿಸುಪಿಸು ಮಾತಾಡುತ್ತಿದ್ದರು. ಅಮ್ಮನ ಹತ್ತಿರ ಇಷ್ಟು ಮೆತ್ತಗೆ ಯಾರೂ ಯಾವತ್ತೂ ಮಾತಾಡಿರಲಿಲ್ಲ. ಅವಳು ಸತ್ತೇಹೋದಳು ಎನ್ನುವ ಹಾಗಿತ್ತು ಆ ಪಿಸುಮಾತು.

ಮೂರನೆಯ ದಿನ ಬೆಳಿಗ್ಗೆ ನಮ್ಮ ಚರ್ಚಿನ ಹೆಂಗಸೊಬ್ಬರು ನನ್ನ ಕೈ ಹಿಡಿದು, "ದೇವರ ಚಿತ್ತ ಟೀಚರ್, ನಾವು ಒಪ್ಪಿಕೊಳ್ಳಬೇಕು" ಎಂದು ಬಹಳ ಸಿಹಿಯಾಗಿ ಹೇಳಿದರು. ಆ ಸಿಹಿ ಕೇಳಿದ್ದೇ ಅತ್ತಿಮರದ ಬುಡದಲ್ಲಿ ಕೂತ ಹಾಗಾಯಿತು. ನಾನು ಮಾಡುತ್ತಿದ್ದುದೇನು? ಒಂದು ಸಲ ಕರೆಯುವುದು, ಉತ್ತರ ಬರಲಿಲ್ಲವೆಂದು ಮುಂದೆ ಹೋಗುವುದು. ಅಮ್ಮನಿಗೂ ಹಾಗೆ, ದೇವರಿಗೂ ಹಾಗೆ. ಅದೂ ಇಂಥ ಜೇನಿನ ಸ್ವರದಲ್ಲಿ! ಯಾರು ತಾನೇ ಓ ಅಂದಾರು?

ಸ್ಟೂಲು ಎಳೆದುಕೊಂಡು ಮಂಚದ ಹತ್ತಿರ ಕೂತೆ.

"ಏ ಅಮ್ಮಾ!" ಎಂದೆ, ಇಡೀ ವಾರ್ಡಿಗೆ ಕೇಳುವ ಹಾಗೆ. "ಒಲೆ ಮೇಲೆ ಹಾಲಿಟ್ಟು ಬಂದು ಇಲ್ಲಿ ಮಲಗಿದ್ದೀಯಲ್ಲ, ನಾಚಿಕೆ ಆಗಲ್ವ ನಿಂಗೆ? ಕೋಳಿಗೆ ಕಾಳು ಯಾರು ಹಾಕ್ತಾರೆ? ನನಗೆ ಬೈಯೋಕೆ ಆಳು ಇಡ್ಬೇಕಾ ನಾನು? ಎಲ್ಲಿಗೆ ಹೋಗಿ ಕೂತಿದ್ದೀಯ? ಯಾರನ್ನ ಕೇಳಿ ಬೇಲಿ ದಾಟ್ದೆ? ಏ ಅಮ್ಮಾ!"

ನರ್ಸ್ ಸಿಸ್ಟರ್ ಓಡಿ ಬಂದರು. "ಅಯ್ಯೋ ಟೀಚರ್, ಹೀಗೆಲ್ಲ ಕೂಗಬಾರದು. ಪೇಶೆಂಟಿಗೆ ನೆಮ್ಮದಿ ಬೇಕು."

"ಇವಳು ಓ ಅನ್ಲಿ ಸಿಸ್ಟರ್, ಆಮೇಲೆ ನಾನು ಬಾಯಿ ಮುಚ್ತೀನಿ."

ಅವರು ಬಾಗಿಲು ಮುಂದೆ ಮಾಡಿ ಅಲ್ಲೇ ನಿಂತರು. ನಾನು ಬೈಯುತ್ತಾ ಹೋದೆ. ನನಗೆ ಬೈಗುಳ ಅಷ್ಟಾಗಿ ಬರುವುದಿಲ್ಲ, ಹೇಳಿದ್ದನ್ನೇ ಹೇಳಿದೆ. ಗಂಟಲು ಕಟ್ಟಿತು, ಬಿಡಲಿಲ್ಲ. ಮಧ್ಯೆ ಯಾವಾಗಲೋ ಅಮ್ಮನನ್ನು ಬಿಟ್ಟು ದೇವರಿಗೆ ಶುರುವಾಗಿತ್ತು. ಎಲ್ಲಿದ್ದೀಯ, ಕಿವಿ ಇಲ್ವಾ ನಿಂಗೆ, ಆವತ್ತು ಒಂದು ಮಗೂನ ಹುಡುಕಿ ಕೊಟ್ಟೆಯಲ್ಲ, ಇವತ್ತು ಏನಾಯ್ತು ಎಂದು ಕೇಳುತ್ತಿದ್ದೆ. ಬಾಯಿಂದ ಆ ಮಾತು ಹೊರಟಾಗಲೇ ನನಗೆ ಅರ್ಥವಾಯಿತು. ಆವತ್ತು ಬೇರಿನ ಸಂದಿಯಲ್ಲಿ ಕೂತು ಪ್ರಾರ್ಥನೆ ಕಲಸಿ ಹೇಳುತ್ತಿದ್ದಾಗ, ಯಾರೂ ಕೇಳಿಸಿಕೊಳ್ಳುತ್ತಿಲ್ಲ ಎಂದು ನಾನು ಅಳು ನುಂಗಿದ್ದೆ. ಆದರೆ ಆ ಸಂಜೆ ಇಡೀ ಎಸ್ಟೇಟು ನನ್ನನ್ನೇ ಕರೆಯುತ್ತಿತ್ತು. ಉತ್ತರ ಕೊಡದೆ ಕೂತಿದ್ದವಳು ನಾನು. ನನ್ನ ಹೆದರಿಕೆಗೆ ದಾರಿ ಸಿಗುವ ತನಕ ಒಂದು ಸ್ವರ ಜಾಗ ಬಿಟ್ಟು ಕದಲದೆ ಕಾದಿತ್ತು. ದೇವರನ್ನು ನಂಬಲು ನನಗೆ ಇಷ್ಟು ಸಾಕು. ಪಾಠದ ಆ ನಾಲ್ಕು ಕಾರಣಗಳನ್ನೂ ಫಾದರ್ ಹತ್ತಿರ ವಾಪಸು ಕೊಟ್ಟರೂ ಇದೊಂದು ನನ್ನ ಹತ್ತಿರ ಉಳಿಯುತ್ತದೆ.

ಅಮ್ಮನ ತುಟಿ ಅಲುಗಿತು. ಮೊದಲು ನನ್ನ ಭ್ರಮೆ ಎಂದುಕೊಂಡೆ. ಎಳೆದ ಬಾಯಿಯ ಮೂಲೆಯಿಂದ ಉಸಿರಿನಂಥದ್ದೇನೋ ಬಂತು. ನಾನು ಬಾಯಿ ಮುಚ್ಚಿದೆ. ಕಣ್ಣು ಅರ್ಧ ತೆರೆದು, ನನ್ನನ್ನು ನೋಡಿ, ಎಷ್ಟೋ ದೂರದಿಂದ ನಡೆದು ಬಂದವಳ ಹಾಗೆ ಸುಸ್ತಾಗಿ ಅಮ್ಮ ಹೇಳಿದಳು.

"ಕತ್ತೆ."

ಸಿಸ್ಟರ್ ಅಯ್ಯೋ ಎಂದು ಬಾಯಿಗೆ ಕೈ ಇಟ್ಟರು. ನಾನು ಹಾಸಿಗೆಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.

ಬೇರೆ ಮಾತು ಅವಳಿಗೆ ಮತ್ತೆ ಬರಲಿಲ್ಲ. ದಿನಾ ಬಾಯಲ್ಲಿ ಆಡಿ ಆಡಿ ಸವೆದ ಒಂದು ಮಾತು ಕೆಲವರಲ್ಲಿ ಹೀಗೆ ಉಳಿದುಬಿಡುತ್ತದೆ ಎಂದರು ಡಾಕ್ಟರು. ಬದುಕಿದ್ದಷ್ಟು ಕಾಲ ಅಮ್ಮನಿಗೆ ಅನ್ನವೂ ಕತ್ತೆ, ನೀರೂ ಕತ್ತೆ, ಪರಮಪ್ರಸಾದ ಕೊಡಲು ಬಂದ ಫಾದರೂ ಕತ್ತೆ. ನನ್ನ ಹೆದರಿಕೆಯೂ ಹೋಗಲಿಲ್ಲ. ಬೆಳಗಿನ ಜಾವ ಎದ್ದು ಅವಳ ಉಸಿರು ನೋಡುವುದು ನಿಲ್ಲಲಿಲ್ಲ. ಆದರೆ ದಿನಾ ಸಂಜೆ ಜಪಸರ ಹಿಡಿದು ಕೂತಾಗ ಅವಳೂ ದನಿಗೂಡಿಸುತ್ತಿದ್ದಳು. ನಾವು ನಮೋ ಮರಿಯ ಎನ್ನುವ ಕಡೆಯಲ್ಲೆಲ್ಲ ಅದೇ ರಾಗದಲ್ಲಿ, ಅಷ್ಟೇ ಭಕ್ತಿಯಿಂದ, ಕಣ್ಣು ಮುಚ್ಚಿಕೊಂಡು "ಕತ್ತೆ" ಎನ್ನುತ್ತಿದ್ದಳು. ಮಕ್ಕಳು ಮೊದಮೊದಲು ನಗುತ್ತಿದ್ದರು, ಆಮೇಲೆ ಅವರಿಗೂ ಅಭ್ಯಾಸವಾಯಿತು. ಜಪಸರದ ಮಣಿ ಮಣಿಗೂ ಅವಳು ಕರೆಯುತ್ತಿದ್ದಳು. ಮಣಿ ಮಣಿಗೂ ನಾನು ಓ ಎನ್ನುತ್ತಿದ್ದೆ.